ಕೈಗೆ ಪಳಗುವವರೆಗೆ

ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಳ್ಳಬೇಕೋ ಕಾಲ ಬುಡದಲ್ಲಿ ಇಡಬೇಕೋ ಎಂದು ಅಬೂಬಕರನಿಗೆ ತಿಳಿಯಲಿಲ್ಲ. ಸತ್ವಾದ ಅವನ ಬಟ್ಟೆ ಅಂಗಡಿಯ ಮುಂದೆ ಗಾಡಿ ನಿಂತಾಗ ಅವನ ಅರಬ್ ಪಾಲುದಾರ ಖಲ್ಫಾನ್ ಅದನ್ನು ಕಿಟಕಿಯಿಂದಲೇ ಅವನ ಕೈಗೆ ದಾಟಿಸಿದ್ದ. ಇಷ್ಟು ವರ್ಷಗಳಲ್ಲಿ ಏನೇನನ್ನೋ ಹೀಗೆಯೇ ದಾಟಿಸಿದ್ದ: ಗಿಡುಗ ಕೂರಿಸಿಕೊಳ್ಳುವ ಕೈಗವಸು, ಸಕ್ಕರೆ ಕಾಯಿಲೆಯ ಮಾತ್ರೆಗಳ ಚೀಲ, ಒಮ್ಮೆ ಉಚ್ಚೆ ಹೊಯ್ದುಕೊಂಡು ಅಳುತ್ತಿದ್ದ ತನ್ನ ಮಗ ಸುಹೈಲ್. ಈಗ ಅದೇ ಸುಹೈಲ್ ಒಂದು ಕೈಯಲ್ಲಿ ಗಾಡಿ ಓಡಿಸುತ್ತ ಇನ್ನೊಂದು ಕೈಯಲ್ಲಿ ಫೋನು ಹಿಡಿದಿದ್ದ. ಪೆಟ್ಟಿಗೆ ಕಪ್ಪು ಪ್ಲಾಸ್ಟಿಕ್ಕಿನದು, ಎರಡು ಚಿಲಕದ್ದು, ಮಕ್ಕಳ ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು. ತೊಡೆಯ ಮೇಲೆ ಇಟ್ಟುಕೊಂಡರೆ ಅದು ತನ್ನದು ಎಂದು ಯಾರಿಗಾದರೂ ಅನ್ನಿಸಬಹುದು. ಕಾಲ ಬುಡದಲ್ಲಿ ಇಟ್ಟರೆ ಖಲ್ಫಾನ್ ಹಿಂದೆ ತಿರುಗಿ ನೋಡಿದಾಗ ತನ್ನ ಹೊಸ ವಸ್ತುವಿಗೆ ಈ ಮನುಷ್ಯ ಚಪ್ಪಲಿ ತಾಗಿಸಿದ್ದಾನೆ ಅನ್ನಬಹುದು. ಕೊನೆಗೆ ಪಕ್ಕದ ಸೀಟಿನ ಮೇಲಿಟ್ಟು, ಮಗುವಿಗೆ ಕಟ್ಟುವ ಹಾಗೆ ಅದಕ್ಕೆ ಬೆಲ್ಟು ಕಟ್ಟಿದ. ಕಟ್ಟಿದ ಮೇಲೆ ತಾನು ಮಾಡಿದ್ದು ಎಷ್ಟು ನಗೆಪಾಟಲಿನದು ಎಂದು ಗೊತ್ತಾದರೂ ಬಿಚ್ಚಲು ಹೋಗಲಿಲ್ಲ.

ಗಾಡಿ ಅಲ್ ಐನ್ ರಸ್ತೆಯಲ್ಲಿ ಓಡುತ್ತಿತ್ತು. ಚಳಿಗಾಲದ ಶನಿವಾರದ ಬೆಳಗು. ಮರಳಿನ ಮೇಲೆ ಮಂಜು ಇನ್ನೂ ಪೂರ್ತಿ ಎದ್ದಿರಲಿಲ್ಲ. "ಹೊಸ ಪಿಸ್ತೂಲು ಹೊಸ ಒಂಟೆಯ ಹಾಗೆ," ಎಂದು ಖಲ್ಫಾನ್ ಮುಂದಿನ ಸೀಟಿನಿಂದ ತನ್ನ ಅರ್ಧ ಅರಬಿ ಅರ್ಧ ಹಿಂದಿಯಲ್ಲಿ ಹೇಳುತ್ತಿದ್ದ. "ಮೊದಮೊದಲು ಬಿಗಿಯಾಗಿರುತ್ತದೆ, ಸಿಕ್ಕಿಹಾಕಿಕೊಳ್ಳುತ್ತದೆ. ಡಬ್ಬಿಗಟ್ಟಲೆ ಗುಂಡು ತಿನ್ನಿಸಬೇಕು. ತಿನ್ನಿಸಿ, ಒರೆಸಿ, ಎಣ್ಣೆ ಹಾಕಿ, ಮತ್ತೆ ತಿನ್ನಿಸಬೇಕು. ಆಮೇಲೆ ಕೈಗೆ ಪಳಗುತ್ತದೆ." ಸೈನ್ಯದಲ್ಲಿದ್ದು ನಿವೃತ್ತನಾದವನು, ಪರವಾನಗಿ ಅವನಿಗೆ ಕಷ್ಟದ ಮಾತಲ್ಲ. ಅಬೂಬಕರ್ "ಐವಾ, ಐವಾ" ಎಂದು ತಲೆಯಾಡಿಸಿದ. ಅಂಗಡಿಯ ಕಾಗದಗಳ ಮೇಲೆ ಇದ್ದದ್ದು ಖಲ್ಫಾನನ ಹೆಸರು. ಇಲ್ಲಿನ ಕಾನೂನು ಹಾಗೆ, ಈ ಅರಬ್ ನಾಡಿನವನೊಬ್ಬ ಪಾಲುದಾರನಾಗಿ ನಿಲ್ಲಬೇಕು. ಅಬೂಬಕರನ ಬಟ್ಟೆಯ ಥಾನುಗಳೆಲ್ಲ ಆ ಒಂದು ಹೆಸರಿನ ನೆರಳಲ್ಲಿ ಇಷ್ಟು ವರ್ಷ ಬಣ್ಣ ಮಾಸದೆ ನಿಂತಿದ್ದವು. ಖಲ್ಫಾನ್ ಒಂದು ದಿನವೂ ಒರಟಾಗಿ ಮಾತಾಡಿದವನಲ್ಲ. ಆದರೆ ಈಗ ಅವನ ಕಣ್ಣು ಮಂಜಾಗುತ್ತ ಬಂದಿತ್ತು, ಮುಂದಿನ ತಿಂಗಳು ಕಾಗದಗಳೆಲ್ಲ ಸುಹೈಲನ ಹೆಸರಿಗೆ ಹೋಗುವುದಿತ್ತು. ಇವತ್ತು ಕರೆದದ್ದು ಪಿಸ್ತೂಲಿಗಾಗಿ ಮಾತ್ರವಲ್ಲ ಎಂದು ಅಬೂಬಕರನಿಗೆ ಗೊತ್ತಿತ್ತು. ಮಗನೂ ಅವನೂ ಒಂದು ದಿನ ಜೊತೆಗಿರಲಿ ಎಂದು ಮುದುಕನ ಆಸೆ. ಬರುವುದಿಲ್ಲ ಅನ್ನಬಹುದಿತ್ತು. ಗಿರಾಕಿ ಕೇಳಿದ ಬಣ್ಣ ಇಲ್ಲದಿದ್ದರೆ ದಿನವಿಡೀ 'ಮಾಫಿ, ಮಾಫಿ', ಇಲ್ಲ, ಇಲ್ಲ, ಅನ್ನುವ ಬಾಯಿ ಅವನದು. ಖಲ್ಫಾನನ ಎದುರು ಮಾತ್ರ ಆ ಪದ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಹೊರಟಿರಲಿಲ್ಲ.

ಮಂಗಳವಾರ ಊರಿಗೆ ಹೊರಡುವುದಿತ್ತು. ದೊಡ್ಡ ಮಗಳು ಮರ್ಯಮಳ ನಿಕಾಹ್. ಹೆಂಡತಿ ರುಕಿಯ್ಯ ಈಗಾಗಲೇ ಮೂರು ಸೂಟ್‌ಕೇಸುಗಳನ್ನು ಹಾಲಿನಲ್ಲಿ ಬಾಯಿ ತೆರೆದು ಮಲಗಿಸಿದ್ದಳು, ದಿನಾ ತುಂಬಿ ದಿನಾ ಖಾಲಿ ಮಾಡುತ್ತಿದ್ದಳು. ಊರು ಎಂದಾಗಲೆಲ್ಲ ಅಬೂಬಕರನ ಕಣ್ಣ ಮುಂದೆ ಬರುತ್ತಿದ್ದದ್ದು ಭಟ್ಕಳದ ಬೀದಿಯಾಗಲಿ ಸಮುದ್ರವಾಗಲಿ ಅಲ್ಲ, ಒಂದು ಪ್ಲಾಸ್ಟಿಕ್ ಕುರ್ಚಿ. ಕೆಲವು ವರ್ಷಗಳ ಹಿಂದೆ, ಊರ ಹೆಸರು ಬಾಂಬಿನ ಸುದ್ದಿಯ ಜೊತೆ ದಿನಾ ಟೀವಿಯಲ್ಲಿ ಬರುತ್ತಿದ್ದ ಕಾಲದಲ್ಲಿ, ಇಳಿದ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟು ನೋಡುತ್ತಿದ್ದ ತರುಣ ಹುಟ್ಟಿದ ಸ್ಥಳದ ಸಾಲಿಗೆ ಬಂದು ನಿಂತ. ಇನ್ನೊಮ್ಮೆ ಓದಿದ. "ಐದು ನಿಮಿಷ ಕೂತ್ಕೊಳ್ಳಿ ಸಾರ್," ಎಂದು ಆ ಕುರ್ಚಿ ತೋರಿಸಿದ. ಯಾರೂ ಬೈಯಲಿಲ್ಲ, ಚಹಾ ಕೂಡ ತಂದುಕೊಟ್ಟರು. ಅವನ ಜೊತೆ ವಿಮಾನದಲ್ಲಿ ಬಂದವರೆಲ್ಲ ಅವನನ್ನು ನೋಡುತ್ತ, ನೋಡದ ಹಾಗೆ ಮಾಡುತ್ತ, ಪೆಟ್ಟಿಗೆ ಎಳೆದುಕೊಂಡು ಹೊರಗೆ ಹೋದರು. ಕೊನೆಗೆ ವಯಸ್ಸಾದ ಅಧಿಕಾರಿಯೊಬ್ಬ ಬಂದು ಅದೂ ಇದೂ ಕೇಳಿ, ಹೊರಡುವಾಗ ತಮಾಷೆಯ ಹಾಗೆ, "ಬಂದೂಕು ಗಿಂದೂಕು ಏನಾದ್ರೂ ಗೊತ್ತಾ?" ಎಂದ. "ನಂಗೆ ಗೊತ್ತಿರುವುದು ಸೂಟಿಂಗ್ ಶರ್ಟಿಂಗ್ ಮಾತ್ರ ಸಾರ್," ಎಂದ ಅಬೂಬಕರ್. ಅಧಿಕಾರಿ ನಕ್ಕ. ಅಬೂಬಕರನೂ ನಕ್ಕ, ಅಧಿಕಾರಿಗಿಂತ ಹೆಚ್ಚು ಹೊತ್ತು, ಹೆಚ್ಚು ಜೋರಾಗಿ. ಮನೆಗೆ ಹೋದ ಮೇಲೆ ಕುರ್ಚಿಯ ಸಂಗತಿಯನ್ನು ಎಲ್ಲರಿಗೂ ಹೇಳಿದ, ಆ ನಗುವಿನ ಸಂಗತಿಯನ್ನು ಹೇಳಲಿಲ್ಲ. ಆಮೇಲೆ ಅವನು ಜಾಗ್ರತೆಯ ಮನುಷ್ಯನಾದ. ಗಡ್ಡವನ್ನು ಸಣ್ಣದು ಮಾಡಿದ. ಫೋನಿನ ಗುಂಪುಗಳಿಂದ ಒಂದೊಂದಾಗಿ ಹೊರಗೆ ಬಂದ. ಯಾರಾದರೂ ಫೋಟೋ ತೆಗೆಯುವಾಗ ಹಿಂದೆ ಯಾರಿದ್ದಾರೆ, ಗೋಡೆಯ ಮೇಲೆ ಏನು ಬರೆದಿದೆ ಎಂದು ನೋಡುವುದನ್ನು ಕಲಿತ. ಚಿಕ್ಕವಳು ನಾದಿಯಾ ಒಮ್ಮೆ ಅಂಗಡಿಯಲ್ಲಿ ಹಸಿರು ಬಣ್ಣದ ನೀರಿನ ಪಿಸ್ತೂಲು ಹಿಡಿದುಕೊಂಡು ಬಂದಾಗ ಎಲ್ಲರೆದುರು ಅದನ್ನು ಕೈಯಿಂದ ಕಿತ್ತುಕೊಂಡಿದ್ದ. ಅವಳು ಅಳಲಿಲ್ಲ. "ಇಟ್ಸ್ ಜಸ್ಟ್ ವಾಟರ್, ಅಬ್ಬಾ," ಎಂದು ಅಷ್ಟೆ ಹೇಳಿ ಅವನ ಮುಖವನ್ನು ಹೊಸಬರನ್ನು ನೋಡುವ ಹಾಗೆ ನೋಡಿದ್ದಳು.

ಗುಂಡು ಹಾರಿಸುವ ಆ ಜಾಗ ಹೆದ್ದಾರಿಯಿಂದ ಬಹಳ ಒಳಗೆ ಇತ್ತು. ಡಾಂಬರು ಮುಗಿದು ಮರಳಿನ ದಾರಿ, ಆಮೇಲೆ ಒಂದು ಗೇಟು, ತಗಡಿನ ಚಪ್ಪರ, ಮೂರು ಕಡೆ ಮಣ್ಣಿನ ಎತ್ತರದ ದಿಬ್ಬ. ಸುತ್ತ ಬೇರೇನೂ ಇಲ್ಲ. ದೂರದಲ್ಲಿ ಒಂದೆರಡು ಘಾಫ್ ಮರಗಳು ಒಂದರೊಡನೊಂದು ಮುನಿಸಿಕೊಂಡ ಹಾಗೆ ನಿಂತಿದ್ದವು. ಸುಹೈಲ್ ಇಳಿದವನೇ ಮೈಮುರಿದು ಫೋನೆತ್ತಿ ಸುತ್ತಲಿನ ಮರಳನ್ನು ಸೆರೆಹಿಡಿದ. ಅಬೂಬಕರ್ ಗುಂಡಿನ ಡಬ್ಬಿಗಳ ಚೀಲವನ್ನು ಒಂದು ಕೈಯಲ್ಲಿ, ಪೆಟ್ಟಿಗೆಯನ್ನು ಇನ್ನೊಂದು ಕೈಯಲ್ಲಿ ಹೊತ್ತು ತಂದ. ಅಷ್ಟರಲ್ಲಿ ಅಂಗಡಿಯಿಂದ ಫೋನು ಬಂತು. ಅವನ ಕೈಕೆಳಗಿನ ಪುತ್ತೂರಿನ ಪೂವಪ್ಪ. "ಬಿಳಿ ಪಾಪ್ಲಿನ್ ಮೇಲಿನ ಶೆಲ್ಫಲ್ಲಿ ಉಂಟು ಪೂವಪ್ಪ, ಕೆಳಗೆ ಹುಡುಕಬೇಡ," ಎಂದು ಹೇಳಿ ಮುಗಿಸುವಾಗ ಎದುರಿಗೆ ನಿಂತಿದ್ದ ಕೆಂಪು ಟೋಪಿಯ ಗಟ್ಟಿಮುಟ್ಟಾದ ಮನುಷ್ಯ ಹುಬ್ಬೇರಿಸಿದ. ಜಾಗದ ಮುಖ್ಯಸ್ಥ ಅವನೇ. ಎದೆಯ ಮೇಲೆ ಫಿಡೆಲಿಸ್ ಎಂದು ಹೆಸರಿನ ಪಟ್ಟಿ.

"ಓಹೋ, ನಮ್ಮ ಕಡೆಯವರು! ಊರಲ್ಲಿ ಎಲ್ಲಿ ಆಯ್ತು ನಿಮ್ದು?"

"ಕುಂದಾಪುರ," ಎಂದ ಅಬೂಬಕರ್. ಯೋಚಿಸಿ ಹೇಳಿದ್ದಲ್ಲ. ಬಿಸಿ ಪಾತ್ರೆಗೆ ತಾಗಿದ ಕೈ ತಾನಾಗಿ ಹಿಂದಕ್ಕೆ ಬರುವ ಹಾಗೆ ಆ ಊರ ಹೆಸರು ಬಂದಿತ್ತು.

"ಕುಂದಾಪುರದಲ್ಲಿ?"

"ಕೋಡಿ."

"ಕೋಡಿಯಾ? ನನ್ನ ಹೆಂಡತಿಯ ಅಕ್ಕನ ಮನೆ ಅಲ್ಲೇ ಮಾರಾಯ್ರೆ, ಸೇತುವೆ ದಾಟಿದ ಕೂಡಲೇ. ನಾನು ಬೈಂದೂರು. ನಿಮ್ಮ ಮನೆ ಯಾವ ಬದಿ?"

"ಆ ಬದಿಯಲ್ಲೇ... ಸಮುದ್ರದ ಬದಿ. ಈಗ ಯಾರೂ ಇಲ್ಲ ಅಲ್ಲಿ."

ಫಿಡೆಲಿಸ್ ಇನ್ನೂ ಏನೋ ಕೇಳುವವನಿದ್ದ. ಖಲ್ಫಾನ್ "ಯಲ್ಲಾ, ಯಲ್ಲಾ" ಎಂದು ಕರೆದದ್ದರಿಂದ ಮಾತು ಅಲ್ಲಿಗೆ ನಿಂತಿತು. ಅಬೂಬಕರನ ಕುತ್ತಿಗೆ ಬೆವರಿತ್ತು. ಬೈಂದೂರಿನವನಿಗೆ ಭಟ್ಕಳ ಎಂದರೆ ಪಕ್ಕದ ಮನೆ. ಹೇಳಿದ್ದರೆ ಬಹುಶಃ ತಬ್ಬಿಕೊಳ್ಳುತ್ತಿದ್ದ. ಈಗ ಇಡೀ ದಿನ ಇಲ್ಲದ ಮನೆಯೊಂದನ್ನು ಕೋಡಿಯ ಮರಳಿನ ಮೇಲೆ ನಿಲ್ಲಿಸಿಕೊಂಡಿರಬೇಕು. ಬಂದೂಕು ಎಲ್ಲಿ ಇದೆಯೋ ಅಲ್ಲಿ ಊರ ಹೆಸರು ಹೇಳುವುದು ಬೇಡ ಎಂದು ಒಳಗಿನಿಂದ ಯಾವುದೋ ಗುಮಾಸ್ತ ತೀರ್ಮಾನ ಮಾಡಿಬಿಟ್ಟಿದ್ದ, ತನ್ನನ್ನು ಕೇಳಿರಲೂ ಇಲ್ಲ.

ಫಿಡೆಲಿಸ್ ನಿಯಮಗಳನ್ನು ಹೇಳಿದ. ಕನ್ನಡದ ಸಲಿಗೆ ಈಗ ಇರಲಿಲ್ಲ. ಇಂಗ್ಲಿಷಿನಲ್ಲಿ, ಮುಖದ ಗೆರೆ ಅಲುಗದ ಹಾಗೆ. ಕೊಳವೆಯ ಬಾಯಿ ಯಾವಾಗಲೂ ದಿಬ್ಬದ ಕಡೆಗೆ. ಬೆರಳು ಹೊಡೆಯುವ ಕ್ಷಣದವರೆಗೂ ಕುದುರೆಯ, ಅಂದರೆ ಟ್ರಿಗರಿನ, ಹೊರಗೆ. ಏನೇ ಆಗಲಿ, ಯಾರೇ ಕರೆಯಲಿ, ಕೈಯಲ್ಲಿ ಪಿಸ್ತೂಲು ಇರುವಾಗ ತಿರುಗಬಾರದು. ಆಮೇಲೆ ಪೆಟ್ಟಿಗೆ ತೆರೆಯಿತು. ಅಬೂಬಕರ್ ಅದನ್ನು ಮೊದಲ ಸಲ ಸರಿಯಾಗಿ ನೋಡಿದ. ಭಯಂಕರವಾದದ್ದೇನೂ ಕಾಣಲಿಲ್ಲ. ಒಳ್ಳೆಯ ಕಪ್ಪು ಟೆರಿಕಾಟಿನ ಮೇಲಿರುವಂಥ ಮಬ್ಬು ಹೊಳಪು. ಎಣ್ಣೆಯ ವಾಸನೆ ಹೊಲಿಗೆಯಂತ್ರದ ವಾಸನೆಯೇ. ಖಲ್ಫಾನ್ ಮೇಲ್ಭಾಗವನ್ನು ಹಿಂದಕ್ಕೆ ಎಳೆಯಲು ನೋಡಿದ. ಸ್ಪ್ರಿಂಗು ಬಿಗಿ, ಮುದುಕನ ಬೆರಳು ಜಾರಿತು. ಇನ್ನೊಮ್ಮೆ ಎಳೆದಾಗ ಕಟಕ್ ಎಂದು ಬಂತು. ಖಾಲಿ ಮ್ಯಾಗಜೀನುಗಳಿಗೆ ಗುಂಡು ತುಂಬುವ ಕೆಲಸ ಯಾರೂ ಹೇಳದೆ ಅಬೂಬಕರನ ಪಾಲಿಗೆ ಬಂತು. ಅದೂ ಬಿಗಿ. ಪ್ರತಿ ಗುಂಡನ್ನೂ ಹೆಬ್ಬೆರಳಿನಿಂದ ಒತ್ತಿ ಒಳಗೆ ತಳ್ಳಬೇಕು, ಕೊನೆಯ ಎರಡು ಮೂರು ಹೋಗಲು ಒಪ್ಪುವುದೇ ಇಲ್ಲ. ಸ್ವಲ್ಪ ಹೊತ್ತಿನಲ್ಲಿ ದಿನಾ ಬಟ್ಟೆ ಹರಿಯುವ ಅವನ ಹೆಬ್ಬೆರಳು ಕೆಂಪಾಗಿ, ಬೇರೆಯವರದ್ದರ ಹಾಗೆ ಜೋಮು ಹಿಡಿಯಿತು. ಸುಹೈಲ್ ಬೆಂಚಿನ ಮೇಲೆ ಕಾಲು ಚಾಚಿ ಕೂತು, "ಅಂಕಲ್, ಬೇಗ ಬೇಗ," ಎಂದು ನಕ್ಕ. ಅವನು ಕೆಟ್ಟವನಲ್ಲ ಎಂದು ಅಬೂಬಕರ್ ತನಗೆ ತಾನೇ ಹೇಳಿಕೊಂಡ. ಅದನ್ನು ಹೇಳಿಕೊಳ್ಳಬೇಕಾಗಿ ಬಂದದ್ದರಿಂದಲೇ ಮನಸ್ಸು ಸ್ವಲ್ಪ ಮುದುಡಿತು.

ಖಲ್ಫಾನ್ ಹೊಡೆದ. ಸುಹೈಲ್ ಹೊಡೆದ. ಕಿವಿಗೆ ಹಾಕಿದ ದಪ್ಪ ಮುಚ್ಚಳದ ಹೊರಗೆ ಶಬ್ದಗಳು ಯಾರೋ ದೂರದಲ್ಲಿ ಹಾಸಿಗೆ ಕೊಡವಿದ ಹಾಗೆ ಕೇಳುತ್ತಿದ್ದವು. ಪಿಸ್ತೂಲು ಮಧ್ಯೆ ಸಿಕ್ಕಿಹಾಕಿಕೊಂಡಿತು. ಖಾಲಿ ತೋಟೆ ಹೊರಗೆ ಬಾರದೆ ಬಾಯಲ್ಲಿ ಕಚ್ಚಿ ನಿಂತಿತ್ತು. ಫಿಡೆಲಿಸ್ ಅದನ್ನು ತೆಗೆದು, ಬಿಚ್ಚಿ, ಒರೆಸಿ, ಎಣ್ಣೆಯ ಹನಿ ಬಿಟ್ಟು ಮತ್ತೆ ಜೋಡಿಸಿಕೊಟ್ಟ. ಮತ್ತೆ ಹೊಡೆದರು. ಮತ್ತೆ ಒರೆಸಿದರು. ಬಿಸಿಲೇರಿತು. ಎರಡನೆಯ ಡಬ್ಬಿ ಮುಗಿಯುವ ಹೊತ್ತಿಗೆ ಅದರ ಕಟಕ್ ಶಬ್ದ ನಯವಾಗಿತ್ತು. "ನೋಡಿದೆಯಾ, ದಾರಿಗೆ ಬಂತು," ಎಂದು ಖಲ್ಫಾನ್ ಸಂತೋಷದಿಂದ ಹೇಳಿ, ಅದನ್ನು ಮೇಜಿನ ಮೇಲಿಟ್ಟು, ಅಬೂಬಕರನ ಭುಜ ಹಿಡಿದ. "ಈಗ ನೀನು."

"ನನಗೆ ಬರುವುದಿಲ್ಲ, ಬೂ ಸುಹೈಲ್." ಮಗನ ಹೆಸರು ಸೇರಿಸಿ ಕರೆಯುವುದು ಇಲ್ಲಿನ ಮರ್ಯಾದೆ.

"ಯಾರಿಗೆ ಬರುತ್ತಿತ್ತು? ಮೊದಲ ದಿನ ಸ್ನೇಹಿತನ ಕೈ ತಾಗಬೇಕು. ಬಾ."

ಸ್ನೇಹಿತ. ಇಷ್ಟು ವರ್ಷಗಳಲ್ಲಿ ಆ ಪದವನ್ನು ಅವನು ಉಪಯೋಗಿಸಿದ್ದು ಅಬೂಬಕರನಿಗೆ ನೆನಪಿರಲಿಲ್ಲ. ಆ ಪದ ಬಾರದಿದ್ದರೆ ಹೊಟ್ಟೆನೋವು ಅನ್ನುತ್ತಿದ್ದ, ನಮಾಜಿನ ನೆಪ ಹೇಳುತ್ತಿದ್ದ. ಈಗ ಕಾಲುಗಳು ತಾವಾಗಿ ಗುಂಡು ಹೊಡೆಯುವ ಗೆರೆಯ ಬಳಿ ನಡೆದವು. ಫಿಡೆಲಿಸ್ ಹಿಂದೆ ನಿಂತು ಅವನ ಮೊಣಕೈ ಸರಿಮಾಡಿ, ಕಾಲು ಅಗಲಿಸಿ, "ಉಸಿರು ಬಿಗಿ ಹಿಡಿಯಬೇಡಿ," ಎಂದ. ಮೊದಲ ಗುಂಡು ಹೋದದ್ದೇ ತಿಳಿಯಲಿಲ್ಲ. ಕೈಗಳು ಮೇಲಕ್ಕೆ ನೆಗೆದವು, ಎದೆಯೊಳಗೆ ಏನೋ ಗುದ್ದಿತು, ದಿಬ್ಬದ ಮೇಲೆ ಒಂದು ಹಿಡಿ ಮಣ್ಣು ಹಾರಿತು. ಎರಡನೆಯದು ಕಾಗದದ ಅಂಚಿಗೆ. ಮೂರನೆಯದು ಒಳಗೆ. ಆಗ ಒಂದು ವಿಚಿತ್ರವಾದದ್ದು ಆಯಿತು. ಅವನಿಗೆ ಸುಖವಾಯಿತು. ಕತ್ತರಿ ನೇರವಾಗಿ ಥಾನಿನ ಮೇಲೆ ಓಡುವಾಗ, ನಡುವೆ ನಿಲ್ಲದೆ, ಬಟ್ಟೆ ತಾನಾಗಿ ದಾರಿ ಬಿಡುತ್ತದಲ್ಲ, ಅಂಥ ಸುಖ. ಕಾಗದದ ಮೇಲೆ ಒಂದು ತೂತು, ಅದರ ಪಕ್ಕ ಇನ್ನೊಂದು. ಇದು ನನಗೆ ಬರುತ್ತದೆ ಎಂದು ಅನ್ನಿಸಿತು. ಅನ್ನಿಸಿದ ಮರುಕ್ಷಣವೇ ಯಾರೋ ಅದನ್ನು ಕೇಳಿಸಿಕೊಂಡರು ಎಂದೂ ಅನ್ನಿಸಿತು. ಆ ಪ್ಲಾಸ್ಟಿಕ್ ಕುರ್ಚಿಯ ಮುಂದೆ ನಿಂತ ವಯಸ್ಸಾದ ಅಧಿಕಾರಿ ತಲೆಯಾಡಿಸುತ್ತಿದ್ದ, ಅಂದರೆ ಬಂದೂಕು ಬರುತ್ತದೆ ನಿಮಗೆ ಎನ್ನುವ ಹಾಗೆ. ಮುಖ ಬಿಸಿಯಾಯಿತು. ಎಡಗಣ್ಣಿನ ಅಂಚಿನಲ್ಲಿ ಏನೋ ಹೊಳೆಯಿತು. ಅವನು ಕಣ್ಣು ಹೊರಳಿಸಿದ. ಸುಹೈಲ್ ಬೆಂಚಿನಿಂದ ಎದ್ದು, ಗೆರೆಯ ಹಿಂದೆ ಸ್ವಲ್ಪ ಪಕ್ಕಕ್ಕೆ ನಿಂತು, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಅವನನ್ನೇ ಸೆರೆಹಿಡಿಯುತ್ತಿದ್ದ. ಬಾಯಿ ಅಗಲವಾಗಿ ತೆರೆದಿತ್ತು, ನಗುತ್ತಿದ್ದನೋ ಏನೋ ಹೇಳುತ್ತಿದ್ದನೋ, ಕಿವಿಯ ಮುಚ್ಚಳದೊಳಗೆ ಏನೂ ಕೇಳಿಸದು. ಆ ಚಿತ್ರ ಎಲ್ಲಿಗೆಲ್ಲ ಹೋಗುತ್ತದೆ ಎಂಬುದು ಅಬೂಬಕರನಿಗೆ ಒಂದೇ ಏಟಿಗೆ ಕಂಡಿತು. ಸುಹೈಲನ ಸ್ನೇಹಿತರು, ಅವರ ಸ್ನೇಹಿತರು, ಸತ್ವಾದ ಯಾವುದೋ ದರ್ಜಿ, ಭಟ್ಕಳದ ಯಾವುದೋ ಹುಡುಗ, ಮಂಗಳವಾರ ವಿಮಾನ ನಿಲ್ದಾಣದಲ್ಲಿ ಗಾಜಿನ ಹಿಂದೆ ಕೂರುವ ತರುಣ. "ಬೇಡ," ಎಂದು ಕೂಗಿದ. "ತೆಗೆಯಬೇಡ, ಬೇಡ!" ಕೂಗುತ್ತ ತಡೆಯಲೆಂದು ಕೈ ಚಾಚಿದ. ಚಾಚಿದ ಕೈಯಲ್ಲಿ ಪಿಸ್ತೂಲಿತ್ತು.

ಸುಹೈಲ್ ನಿಂತಲ್ಲೇ ಕುಸಿದು ಕೂತ. ಅವನು ಕೂತದ್ದನ್ನು ನೋಡಿಯೂ ಅಬೂಬಕರನಿಗೆ ಅರ್ಥವಾಗಲಿಲ್ಲ. ಇವನಿಗೇನಾಯಿತು ಎಂದು ಒಂದು ಹೆಜ್ಜೆ ಮುಂದೆ ಕೂಡ ಇಟ್ಟ. ಅಷ್ಟರಲ್ಲಿ ಫಿಡೆಲಿಸನ ಕೈ ಅವನ ಮಣಿಕಟ್ಟಿನ ಮೇಲೆ ಬಿತ್ತು, ಕೈ ನೆಲದ ಕಡೆಗೆ, ಆಮೇಲೆ ದಿಬ್ಬದ ಕಡೆಗೆ ತಿರುಚಿಕೊಂಡಿತು, ಬೆರಳುಗಳು ಒಂದೊಂದಾಗಿ ಬಿಡಿಸಿಕೊಂಡವು. ಪಿಸ್ತೂಲಿನ ಒಳಗಿಂದ ಒಂದು ಗುಂಡು ಹೊರಗೆ ಬಂದು ಸಿಮೆಂಟಿನ ಮೇಲೆ ಉರುಳಿತು, ಬಳಸದ ಗುಂಡು, ಚೊಕ್ಕವಾಗಿ, ಹಿತ್ತಾಳೆಯ ಬಣ್ಣದ್ದು. ಅದನ್ನು ನೋಡಿದಾಗ ಮಾತ್ರ ಅಬೂಬಕರನಿಗೆ ತಾನು ಏನು ಮಾಡಿದೆನೆಂದು ಗೊತ್ತಾಯಿತು. ಖಲ್ಫಾನ್ ಮಗನ ತಲೆ, ಎದೆ, ಹೊಟ್ಟೆ ಎಲ್ಲ ಮುಟ್ಟಿ ಮುಟ್ಟಿ ನೋಡುತ್ತಿದ್ದ, ಗುಂಡು ಹಾರಲೇ ಇಲ್ಲ ಎಂದು ಗೊತ್ತಿದ್ದರೂ.

ಫಿಡೆಲಿಸ್ ಅವನನ್ನು ತನ್ನ ಕೋಣೆಗೆ ಕರೆದುಕೊಂಡು ಹೋದ. ತಗಡಿನ ಕೋಣೆ, ಒಂದು ಏಸಿ, ಒಂದು ಮೇಜು, ನೀರಿನ ಬಾಟಲಿಗಳ ಕಟ್ಟು. ಕೂತುಕೊಳ್ಳಿ ಅನ್ನಲಿಲ್ಲ. ಅಬೂಬಕರ್ ತಾನಾಗಿ ಕೂತ.

"ನೋಡಿ, ಇನ್ನು ನೀವು ಈ ಗೇಟಿನೊಳಗೆ ಬರುವ ಹಾಗಿಲ್ಲ," ಎಂದ ಫಿಡೆಲಿಸ್. "ನಾನು ಮೇಲಿನವರಿಗೆ ತಿಳಿಸಲೇಬೇಕು. ನನ್ನ ನೌಕರಿಯ ಪ್ರಶ್ನೆ. ನಿಮ್ಮ ಬೆರಳು ಎಲ್ಲಿತ್ತು ಗೊತ್ತುಂಟಾ ನಿಮಗೆ? ಒಳಗೆ ಇತ್ತು."

"ನಾನು ಕುಂದಾಪುರದವನಲ್ಲ," ಎಂದ ಅಬೂಬಕರ್.

"ಎಂತ?"

"ಕೋಡಿ ಅಲ್ಲ. ಭಟ್ಕಳ. ಪಾಸ್‌ಪೋರ್ಟಲ್ಲಿ ಭಟ್ಕಳ ಅಂತ ಉಂಟು. ಆ ಹುಡುಗ ವಿಡಿಯೋ ಮಾಡುತ್ತಿದ್ದ. ಮಂಗಳವಾರ ನಾನು ಊರಿಗೆ ಹೋಗಬೇಕು, ಮಗಳ ಮದುವೆ. ನಿಮಗೆ ಗೊತ್ತಲ್ಲ, ನಮ್ಮನ್ನು ಹೇಗೆ ನೋಡುತ್ತಾರೆ ಅಂತ. ಹಾಗಾಗಿ ನಾನು..."

ಹೇಳುತ್ತ ಹೋದ ಹಾಗೆ ಅವನಿಗೆ ತನ್ನ ಮಾತು ಚೆನ್ನಾಗಿ ಕೇಳಿಸತೊಡಗಿತು. ಎಷ್ಟೋ ವರ್ಷಗಳಿಂದ ಯಾರಿಗಾದರೂ ಹೇಳಬೇಕೆಂದು ಇಟ್ಟುಕೊಂಡದ್ದು ಇದೇ ಮಾತು. ಕೇಳಿದವರ ಮುಖ ಮೆತ್ತಗಾಗುತ್ತದೆ, ಕೈ ಹಿಡಿಯುತ್ತಾರೆ, ಪಾಪ ಅನ್ನುತ್ತಾರೆ ಎಂದು ಮನಸ್ಸಿನಲ್ಲಿ ಎಷ್ಟು ಸಲ ನಡೆಸಿ ನೋಡಿದ್ದ. ಫಿಡೆಲಿಸ್ ಕೆಂಪು ಟೋಪಿ ತೆಗೆದು ಮೇಜಿನ ಮೇಲಿಟ್ಟು, ಬೋಳು ತಲೆಯ ಬೆವರು ಒರೆಸಿಕೊಂಡ.

"ಭಟ್ಕಳ ಆದ್ರೆ ಭಟ್ಕಳ. ಇಲ್ಲಿ ಅದನ್ನು ಯಾರು ಕೇಳಿದ್ರು ನಿಮ್ಮತ್ರ?" ಎಂದ. "ನಾನು ಊರು ಕೇಳಿದ್ದು ಸುಮ್ಮನೆ ಮಾತಿಗೆ. ಈಗ ಹೇಳ್ತಿರೋದು ಬೇರೆ. ತುಂಬಿದ ಪಿಸ್ತೂಲನ್ನು ಒಬ್ಬ ಹುಡುಗನ ಎದೆಗೆ ಹಿಡಿದ್ರಿ. ನೀವೇ ಹಿಡಿದದ್ದು. ಊರು ಹಿಡಿದದ್ದಲ್ಲ."

ಏಸಿಯ ನೀರು ಹೊರಗೆ ತಗಡಿನ ಮೇಲೆ ಬೀಳುತ್ತಿತ್ತು. ಅಬೂಬಕರನಿಗೆ ಅವಮಾನವಾಗಬೇಕಿತ್ತು, ಆಗಿಯೂ ಇತ್ತು. ಆದರೆ ಅದರ ಅಡಿಯಲ್ಲಿ ಬೇರೆ ಏನೋ ಇತ್ತು, ಹೆಸರಿಡಲು ಬಾರದ್ದು. ಅಷ್ಟು ದೂರದ ಆ ಕುರ್ಚಿಯಲ್ಲಿ ಕೂತಾಗ ಅವನು ಏನೂ ಮಾಡಿರಲಿಲ್ಲ. ಏನೂ ಮಾಡದೆ ಇದ್ದುದಕ್ಕೆ ಇಷ್ಟು ವರ್ಷ ಮೈ ಹಿಡಿ ಮಾಡಿಕೊಂಡು ಬದುಕಿದ್ದ. ಇವತ್ತು ಒಂದು ಮಾಡಿದ್ದ. ಇದು ಅವನದು. ಇದಕ್ಕೆ ಅವನ ಹೆಸರನ್ನು ಬಿಟ್ಟು ಬೇರೆ ಯಾವ ಹೆಸರೂ ಬೇಕಾಗಿರಲಿಲ್ಲ. ತನ್ನ ಅಳತೆಗೇ ಹೊಲಿದ ಅಂಗಿಯನ್ನು ಮೊದಲ ಸಲ ತೊಟ್ಟವನ ಹಾಗೆ ಅವನು ಭುಜ ಅಲುಗಿಸಿದ, ಬಿಗಿಯಾಗಿಯೇ ಇತ್ತು.

ಹೊರಗೆ ಬಂದಾಗ ಸುಹೈಲ್ ಗಾಡಿಯ ನೆರಳಿನಲ್ಲಿ ಮರಳಿನ ಮೇಲೆ ಕೂತಿದ್ದ. ಮುಖಕ್ಕೆ ನೀರು ಹಾಕಿಕೊಂಡಿದ್ದ. ಬಿಳಿ ನಿಲುವಂಗಿ ಕಂದೂರದ ಎದೆ ತೊಯ್ದು ಮೈಗೆ ಅಂಟಿತ್ತು. ಅಬೂಬಕರ್ ಎದುರಿಗೆ ಕುಕ್ಕರಗಾಲಿನಲ್ಲಿ ಕೂತ. ಕ್ಷಮೆ ಕೇಳಬೇಕು. ಅರಬಿಯಲ್ಲಿ ಅದಕ್ಕೆ ಅಂಗಡಿಯ ಪದ ಒಂದಿತ್ತು, ಗಿರಾಕಿಗೆ ಬಟ್ಟೆ ತಡವಾದಾಗ ಹೇಳುವುದು. ಅದು ಇಲ್ಲಿಗೆ ಸಾಲದು. ಬೇರೆ ಪದ ಬಾರದೆ ಅವನು ಹುಡುಗನ ಪಾದ ಮುಟ್ಟಲು ಕೈ ಚಾಚಿದ. ಸುಹೈಲ್ ಪಾದವನ್ನು ಸರಕ್ಕನೆ ಹಿಂದೆಳೆದುಕೊಂಡ. ಆ ಕೈಯನ್ನು ಕಂಡೇ ಹೆದರಿದ್ದ. ಅಬೂಬಕರ್ ಕೈಯನ್ನು ಮಡಿಲಿನಲ್ಲಿಟ್ಟುಕೊಂಡ.

"ಯಾರಿಗೂ ಕಳಿಸಿಲ್ಲ," ಎಂದ ಸುಹೈಲ್, ಫೋನನ್ನು ಮರಳಿನ ಮೇಲೆ ಅವನ ಕಡೆಗೆ ತಳ್ಳಿ. "ನೀನೇ ಅಳಿಸು."

ಅಬೂಬಕರ್ ವಿಡಿಯೋ ನೋಡಿದ. ಅವನು ಕಾಣುತ್ತೇನೆಂದು ತಿಳಿದಿದ್ದ ಮುಖವೊಂದಿತ್ತು. ಟೀವಿಯಲ್ಲಿ, ಪತ್ರಿಕೆಗಳಲ್ಲಿ ನೋಡಿ ನೋಡಿ ತನ್ನ ಮುಖದ ಹಿಂದೆಯೇ ಎಲ್ಲೋ ಅವಿತಿದೆ ಎಂದು ಅವನೂ ನಂಬಿಬಿಟ್ಟಿದ್ದ ಮುಖ. ಅದು ಇರಲಿಲ್ಲ. ಹೊಟ್ಟೆ ಬಂದ ಮನುಷ್ಯನೊಬ್ಬ, ಕಿವಿಯ ಮುಚ್ಚಳ ಓರೆಯಾಗಿ, ಅಂಗಿಯ ಒಂದು ಗುಂಡಿ ಬಿಚ್ಚಿಕೊಂಡು, ನಾಲಿಗೆಯ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಗುರಿ ನೋಡುತ್ತಿದ್ದ. ಗುಂಡು ಕಾಗದಕ್ಕೆ ತಾಗಿದಾಗ ಆ ಮನುಷ್ಯ ನಕ್ಕಿದ್ದ. ಹೌದು, ನಕ್ಕಿದ್ದ, ಮಗುವಿನ ಹಾಗೆ, ಅದು ಅಬೂಬಕರನಿಗೆ ತಿಳಿದೇ ಇರಲಿಲ್ಲ. ಹಿಂದಿನಿಂದ ಸುಹೈಲನ ಧ್ವನಿ ಅರಬಿಯಲ್ಲಿ, "ಶಹಬ್ಬಾಸ್ ಅಂಕಲ್! ನೋಡಿ ನಮ್ಮ ಅಂಕಲನ್ನು!" ಅನ್ನುತ್ತಿತ್ತು. ಆ ಧ್ವನಿಯಲ್ಲಿ ಗೇಲಿ ಇರಲಿಲ್ಲ. ಹೆಮ್ಮೆಯಿತ್ತು. ಆಮೇಲೆ ಮುಖ ಇತ್ತ ತಿರುಗಿತು, ನಗು ಹೋಯಿತು, ಕಪ್ಪು ತೂತೊಂದು ನೇರ ಬಂದು ಪರದೆ ತುಂಬಿತು, ಆಕಾಶ, ತಗಡು, ಮರಳು. ಅವನು ಇನ್ನೊಮ್ಮೆ ನೋಡಿದ. ಆ ಹೆಮ್ಮೆಯ ಧ್ವನಿಯನ್ನು ಇನ್ನೊಮ್ಮೆ ಕೇಳಿದ. ಆಮೇಲೆ ಅಳಿಸಲು ಎಲ್ಲಿ ಒತ್ತಬೇಕೆಂದು ತಿಳಿಯದೆ ಫೋನನ್ನು ಹಿಂದಕ್ಕೆ ಕೊಟ್ಟ. ಸುಹೈಲ್ ಒತ್ತಿದ.

ವಾಪಸು ಬರುವಾಗ ಅಬೂಬಕರನೇ ಗಾಡಿ ಓಡಿಸಿದ. ಸುಹೈಲನ ಕೈ ಇನ್ನೂ ಸ್ಥಿಮಿತಕ್ಕೆ ಬಂದಿರಲಿಲ್ಲ, ಖಲ್ಫಾನನಿಗೆ ಬಿಸಿಲಿನಲ್ಲಿ ರಸ್ತೆ ಕಾಣುತ್ತಿರಲಿಲ್ಲ. ಹಿಂದಿನ ಸೀಟಿನಲ್ಲಿ ಪೆಟ್ಟಿಗೆಯ ಪಕ್ಕ ಮುದುಕ ಕೂತಿದ್ದ. ಹೆದ್ದಾರಿ ಬಂದ ಮೇಲೆ, ಯಾರ ಮುಖವನ್ನೂ ನೋಡದೆ, ಹೇಳಿದ: ಅಂಗಡಿಯ ಕಾಗದಕ್ಕೆ ಸಹಿ ಹಾಕುವುದೋ ಬಿಡುವುದೋ ಮಗನಿಗೆ ಬಿಟ್ಟದ್ದು, ನಾನು ಒತ್ತಾಯ ಮಾಡುವುದಿಲ್ಲ. ಅದು ನ್ಯಾಯವೇ ಎಂದು ಅಬೂಬಕರನಿಗೆ ಅನ್ನಿಸಿತು. ಬೇರೆಯವರು ಹೇಳಿದ ನ್ಯಾಯದ ಮಾತು ಇಷ್ಟು ಸಪ್ಪೆಯಾಗಿ, ಇಷ್ಟು ಸುಲಭವಾಗಿ ಒಳಗೆ ಇಳಿಯಬಹುದೆಂದು ಅವನಿಗೆ ಗೊತ್ತಿರಲಿಲ್ಲ. ಸುಹೈಲ್ ಕಿಟಕಿಯ ಹೊರಗೆ ನೋಡುತ್ತಿದ್ದ. ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದಾಗ ಖಲ್ಫಾನ್ ಇಳಿದು, ಅಬೂಬಕರ್ ಬರುತ್ತಾನೆಯೇ ಎಂದು ನೋಡದೆ, ಒಬ್ಬನೇ ಮಸೀದಿಯ ಕಡೆಗೆ ನಡೆದ. ಗಾಡಿಯಲ್ಲಿ ಇಬ್ಬರೇ ಉಳಿದರು.

ಫೋನು ಬಡಿದುಕೊಂಡಿತು. ರುಕಿಯ್ಯ. ಮರ್ಯಮಳ ದುಪಟ್ಟಾದ ಅಂಚು ತರುವುದೋ ಬೇಡವೋ, ಎಲ್ಲಿದ್ದೀರಿ, ಅಂಗಡಿಗೆ ಫೋನು ಮಾಡಿದರೆ ಪೂವಪ್ಪ ಗೊತ್ತಿಲ್ಲ ಅನ್ನುತ್ತಾನೆ.

"ಗುಂಡು ಹೊಡೆಯಲು ಹೋಗಿದ್ದೆ," ಎಂದ ಅಬೂಬಕರ್ ತಮ್ಮ ಮನೆಮಾತು ನವಾಯತಿಯಲ್ಲಿ.

ರುಕಿಯ್ಯ, ನಗಬೇಕೋ ಬೇಡವೋ ತಿಳಿಯದವಳ ಹಾಗೆ, "ಯಾರಿಗೆ?" ಎಂದಳು.

ಯಾರಿಗೂ ಅಲ್ಲ, ಕಾಗದಕ್ಕೆ. ಉತ್ತರ ಬಾಯಿಯವರೆಗೆ ಬಂದಿತ್ತು, ಸುಳ್ಳೂ ಆಗಿರಲಿಲ್ಲ.

"ಸುಹೈಲ್‌ಗೆ ತಾಗಿಬಿಡುತ್ತಿತ್ತು," ಎಂದ. "ನನ್ನ ಕೈಯಿಂದ. ತಾಗಲಿಲ್ಲ. ಮನೆಗೆ ಬಂದು ಹೇಳುತ್ತೇನೆ."

ಗೊತ್ತಿಲ್ಲದ ಭಾಷೆಯ ನಡುವೆ ತನ್ನ ಹೆಸರು ಕೇಳಿ ಹುಡುಗ ಕಿಟಕಿಯಿಂದ ಮುಖ ತಿರುಗಿಸಿದ. ಅವನ ಕಣ್ಣಿನ ಸುತ್ತ ಮರಳಿನ ಸಣ್ಣ ಕಣಗಳು ಒಣಗಿ ಅಂಟಿದ್ದವು.

"ನನ್ನ ಬಗ್ಗೆ ಏನು ಹೇಳಿದೆ?"

ಅಬೂಬಕರ್ ಫೋನನ್ನು ಕೆಳಗಿಟ್ಟು, ಅರಬಿಯಲ್ಲಿ ಪದ ಹುಡುಕಿ ಹುಡುಕಿ, ಹೇಳಿದ್ದನ್ನು ಹಾಗೆಯೇ ಹೇಳಿದ.